ದೈವದ ಕೋಣೆಯಲ್ಲಿಟ್ಟ ಸಂಖ್ಯೆ

ಮನಸ್ಸಿನ ಕಾಯಿಲೆಗೆ ಮದ್ದು ಕೊಡುವವಳು ನಾನು. ಮೂಡುಬಿದಿರೆಯಲ್ಲಿ ನನ್ನದೊಂದು ಕ್ಲಿನಿಕ್ ಇದೆ. ಬಸ್ಸಿಳಿದವರು ನನ್ನ ಬಾಗಿಲಿಗೆ ಬರುವುದನ್ನು ಒಬ್ಬರು ಕಂಡರೆ ಸಾಕು, ಸಂಜೆಯೊಳಗೆ ಮಡಂತ್ಯಾರಿಗೆ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ರೋಗಿಗಳ ಟಿಪ್ಪಣಿಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ, ಬರೆದದ್ದನ್ನು ಗೂಢಲಿಪಿ ಮಾಡಿ ಬೀಗ ಹಾಕುವ ತಂತ್ರಾಂಶದೊಳಗೆ ಇಟ್ಟಿದ್ದೆ. ಕಳ್ಳ ಯಂತ್ರವನ್ನೇ ಹೊತ್ತೊಯ್ದರೂ ಅವನಿಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ಮೊದಲ ದಿನವೇ ತಂತ್ರಾಂಶ ಒಂದು ಉದ್ದನೆಯ ಸಂಖ್ಯೆ ಕೊಟ್ಟು, ಪಾಸ್‌ವರ್ಡ್ ಕೈಕೊಟ್ಟರೆ ಇದೊಂದೇ ದಾರಿ ಎಂದಿತ್ತು. ಪ್ರತಿ ಹೆಚ್ಚಿದಷ್ಟೂ ಗುಟ್ಟು ಸೋರುತ್ತದೆಂದು ಒಂದೇ ಒಂದು ಪ್ರತಿ ಮುದ್ರಿಸಿ, ಲಕೋಟೆಗೆ ಅಂಟು ಹಚ್ಚಿ, ಅಳದಂಗಡಿ ಹತ್ತಿರದ ನಮ್ಮ ಕುಟುಂಬದ ಮನೆಯಲ್ಲಿ ದೈವದ ಕೋಣೆಯೊಳಗೆ ಸೋದರಮಾವನಿಂದ ಇಡಿಸಿದೆ. ಬ್ಯಾಂಕಿಗೆ ಕನ್ನ ಹಾಕುವವನೂ ದೈವದ ಸೊತ್ತು ಮುಟ್ಟಲಾರ ಎಂಬುದು ನಮ್ಮ ಕಡೆಯವರ ನಂಬಿಕೆ. ಆ ಕೋಣೆಯನ್ನು ತೆರೆಯುವುದು ಸಂಕ್ರಮಣಕ್ಕೆ, ಅದೂ ಯಜಮಾನನಾದ ಮಾವ ಮಾತ್ರ.

ಕಳೆದ ವರ್ಷ ಲ್ಯಾಪ್‌ಟಾಪ್ ಕೆಟ್ಟಿತು. ರಿಪೇರಿಯವರು ಒಳಗಿನ ಬೋರ್ಡ್ ಬದಲಾಯಿಸಿ ಕೊಟ್ಟರು. ತೆರೆದರೆ ತಂತ್ರಾಂಶಕ್ಕೆ ಇದು ಬೇರೆಯೇ ಯಂತ್ರವೆಂಬ ಸಂಶಯ. ಪಾಸ್‌ವರ್ಡ್ ಸಾಲದು, ಆ ಸಂಖ್ಯೆ ಬೇಕು ಎಂದು ಹಟ ಹಿಡಿದು ಕೂತಿತು. ರಿಪೇರಿಯವರಿಗೆ ಫೋನಿನಲ್ಲಿ ಸುಮ್ಮನೆ ಬೈದೆ. ಅವರದೇನೂ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಬಂಟ್ವಾಳದ ಆಸ್ಪತ್ರೆಯೊಂದರಿಂದ ಕರೆ ಬಂತು. ನನ್ನ ಹಳೆಯ ರೋಗಿಯೊಬ್ಬಳಿಗೆ ನಾಳೆ ಹೊಟ್ಟೆಯ ಆಪರೇಷನ್. ಹಿಂದೆ ನಾನು ಕೊಟ್ಟ ಯಾವುದೋ ಮಾತ್ರೆಯಿಂದ ಗಂಟಲು ಬಾತು ಉಸಿರು ಕಟ್ಟಿತ್ತೆಂದು ಅವಳು ಗುಟ್ಟಾಗಿ ಹೇಳಿದ್ದಾಳೆ, ಹೆಸರು ಗೊತ್ತಿಲ್ಲ. ನನಗೂ ನೆನಪಿಲ್ಲ. ಅವಳಿಗೆ ನಾಲ್ಕೈದು ಬಗೆಯ ಮದ್ದು ಬದಲಿಸಿ ಕೊಟ್ಟಿದ್ದೆ. ತಪ್ಪಿ ಅದೇ ಜಾತಿಯದ್ದು ಅವಳ ಮೈಗೆ ಹೋದರೆ ಈ ಸಲ ಉಸಿರೇ ನಿಲ್ಲಬಹುದು; ಹೆಸರಿರುವುದೋ ಬೀಗ ಬಿದ್ದ ಟಿಪ್ಪಣಿಯೊಳಗೆ.

ಲ್ಯಾಪ್‌ಟಾಪ್ ಎತ್ತಿಕೊಂಡು ಅಳದಂಗಡಿಗೆ ಓಡಿದೆ. ಹೋಗುವಾಗ ದಾರಿಯುದ್ದಕ್ಕೂ ಕೊರೆಯುತ್ತಿದ್ದ ವಿಷಯವೊಂದೇ: ದೊಡ್ಡಮ್ಮ ತೀರಿ ನಾಲ್ಕು ದಿನವಾಗಿತ್ತು, ಕುಟುಂಬಕ್ಕೆಲ್ಲ ಸೂತಕ. ಸೂತಕದವರು ದೈವದ ಕೋಣೆಯ ಹೊಸ್ತಿಲು ದಾಟುವಂತಿಲ್ಲ.

ಮಾವ ಸಮಾಧಾನದಿಂದ ಕೇಳಿಸಿಕೊಂಡರು. "ಸೂತಕ ನಮಗೆ ಮಾರಾಯ್ತಿ, ಆಚೆ ಮನೆಯವರಿಗೆ ಎಂತ ಸೂತಕ? ಸಂಕ್ರಮಣದ ದೀಪ ಇಡ್ಲಿಕ್ಕೆ ಬೀಗದ ಕೈ ಸಾವಾದ ದಿನವೇ ಅವರಿಗೆ ಕೊಟ್ಟಾಗಿದೆ. ನಿನ್ನ ಕಂಪ್ಯೂಟರಿನಲ್ಲಿ ಅಂಥದ್ದೊಂದು ವ್ಯವಸ್ಥೆ ಇಲ್ವಾ?"

"ಉಂಟು ಮಾವ. ನಾನೇ ಮಾಡಿರಲಿಲ್ಲ."

ಆಚೆ ಮನೆಯ ಹಿರಿಯರು ಸ್ನಾನ ಮಾಡಿ ಬಂದು, ಕೋಣೆ ತೆರೆದು, ಲಕೋಟೆ ತಂದರು. ಸೂತಕದ ಕೈಗೆ ಕೊಡದೆ ಜಗಲಿಯ ಮೇಲಿಟ್ಟು ದೂರ ಸರಿದರು. ಒಳಗೇನಿದೆ ಎಂದು ಒಂದು ಮಾತೂ ಕೇಳಲಿಲ್ಲ. ಜಗಲಿಯಲ್ಲೇ ಕೂತು ಸಂಖ್ಯೆ ಒತ್ತಿದೆ, ಟಿಪ್ಪಣಿ ತೆರೆಯಿತು, ಮದ್ದಿನ ಹೆಸರನ್ನು ಆಸ್ಪತ್ರೆಗೆ ಎರಡೆರಡು ಸಲ ಹೇಳಿದೆ.

ಆಪರೇಷನ್ ಸುಸೂತ್ರವಾಯಿತು. ಮೂರನೆಯ ದಿನ ಹಳೆಯ ಪರಿಚಯದವಳಂತೆ ಅವಳನ್ನು ನೋಡಲು ಹೋದೆ. ಏನೂ ತಿಳಿಯದ ಅವಳ ಅತ್ತೆ ಚಹಾ ತರಲು ಹೊರಗೆ ಹೋದ ಹೊತ್ತು ನೋಡಿ, "ಅಷ್ಟು ದೊಡ್ಡ ಅಪಾಯದ ಹೆಸರನ್ನು ನೀನೂ ತಿಳಿದುಕೊಳ್ಳಬಾರದಿತ್ತಾ?" ಎಂದು ಗದರಿದೆ.

ಅವಳು ಸಣ್ಣಗೆ ನಕ್ಕಳು. "ನಾನು ಕೇಳಿದ್ದೆ ಡಾಕ್ಟ್ರೇ. ಮನೆಯಲ್ಲಿ ಚೀಟಿ ಸಿಕ್ಕಿದರೆ ಕಷ್ಟ, ಎಲ್ಲ ನನ್ನ ಹತ್ರ ಭದ್ರವಾಗಿ ಉಂಟು ಅಂತ ನೀವೇ ಹೇಳಿದ್ದು."

ಊರಿನವರಿಂದ, ಕಳ್ಳರಿಂದ, ಅವಳ ಅತ್ತೆಯಿಂದ ಗುಟ್ಟನ್ನು ಕಾಪಾಡಿದ್ದೆ ನಿಜ; ಆದರೆ ಯಾರ ಗುಟ್ಟೋ ಅವಳನ್ನೇ ಹೊರಗೆ ನಿಲ್ಲಿಸಿದ್ದೆ. ಚೀಟಿಯಲ್ಲಿ ಮದ್ದಿನ ಹೆಸರು ಬರೆದು ಕೊಟ್ಟೆ. ಅವಳು ತುಟಿಯಲ್ಲೇ ಮೂರು ಸಲ ಓದಿಕೊಂಡು, ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿ, ಚೀಟಿಯನ್ನು ನನ್ನ ಕೈಗೇ ತಿರುಗಿ ಕೊಟ್ಟಳು.

"ಇದನ್ನು ಹರಿದು ಹಾಕಿ ಡಾಕ್ಟ್ರೇ. ಇನ್ನು ನನ್ನ ಹತ್ರ ಉಂಟು."