ಮಾವನ ರಾಕ್ ಹಾಡಿನ ಎಳೆತ

ಮೈಕ್ ಕಂಡರೆ ನನ್ನ ಬುದ್ಧಿ ರಜೆ ಹಾಕುತ್ತದೆ. ಕುದ್ರೋಳಿಯಲ್ಲಿ ಅಕ್ಕನ ಮೆಹಂದಿಯ ಸಂಜೆ, ಸೋದರಮಾವ ಸ್ಟೇಜ್ ಹತ್ತುವ ಮೊದಲೇ ನಾನು ಹತ್ತಿ, ಅವರು ಹಾಡಬೇಕಿದ್ದ ಹಾಡನ್ನು ಅವರದೇ ಧ್ವನಿಯಲ್ಲಿ ಅಣಕಿಸಿಬಿಟ್ಟೆ.

ಮಾವನಿಗೆ ಕಾಲೇಜು ಕಾಲದಿಂದಲೂ ರಾಕ್ ಸಂಗೀತದ ಹುಚ್ಚು. ಗಲ್ಫಿನಿಂದ ಬಂದ ಒಂದೇ ಕ್ಯಾಸೆಟ್ ಕೇಳಿ ಕೇಳಿ ಕಲಿತ ಹಾಡನ್ನು ಸೋದರಸೊಸೆಯ ಮೆಹಂದಿಗೆ ಹಾಡಿಯೇ ಸಿದ್ಧ ಎಂದು ಹಟ ಹಿಡಿದು ಅಭ್ಯಾಸ ಮಾಡಿದ್ದರು. ಆ ಟೇಪು ಹಿಗ್ಗಿಹೋಗಿ, ಪಲ್ಲವಿಯ ನಡುವೆ ಗಾಯಕನ ಸ್ವರ ಗುಡ್ಡ ಹತ್ತುವ ಸಿಟಿ ಬಸ್ಸಿನಂತೆ ಎಳೆಯುತ್ತಿತ್ತು. ಮಾವನೂ ಅಲ್ಲಿ ಹಾಗೆಯೇ ಎಳೆಯುತ್ತಾರೆ. ಮೊಬೈಲಿನಲ್ಲಿ ಅಸಲಿ ಹಾಡು ಕೇಳಿದ್ದ ನಾನು, ಪಾಪ, ಅದು ಟೇಪಿನ ದೋಷವೆಂದು ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ನಾನು ಎಳೆದ ಎಳೆತಕ್ಕೆ ಚಿಕ್ಕಮ್ಮಂದಿರು ಮೆಹಂದಿ ಹಚ್ಚಿದ ಕೈಗಳನ್ನು ಮೇಲೆತ್ತಿಕೊಂಡೇ ನಕ್ಕರು.

"ಇನ್ನು ಮಾವ ಹಾಡುವುದು ಎಂತಕ್ಕೆ? ಇಷ್ಟೇ ಸಾಕಲ್ಲ?" ಎಂದೆ.

ಮಾವ ಅಂಗಿಯ ತೋಳು ಮಡಚುತ್ತ ಮೇಲೆ ಬಂದರು, ನನ್ನ ಕೈಯಿಂದ ಮೈಕ್ ತೆಗೆದುಕೊಂಡರು, ಇಡೀ ಹಾಡು ಹಾಡಿದರು. ಎಳೆಯುವ ಜಾಗ ಬಂದಾಗ ಕಣ್ಣು ಮುಚ್ಚಿ, ನನಗಿಂತಲೂ ಉದ್ದಕ್ಕೆ ಎಳೆದರು. ಈಗ ಯಾರೂ ನಗಲಿಲ್ಲ. ಚಿಕ್ಕಮ್ಮಂದಿರು ಮೆಹಂದಿ ಕೆಟ್ಟರೂ ಸರಿ ಎಂದು ಚಪ್ಪಾಳೆ ತಟ್ಟಿದರು.

ನನಗೆ ಬುದ್ಧಿ ಬಂದಿರಲಿಲ್ಲ. ಊಟದ ಸಾಲಿನಲ್ಲಿ ಅವರ ಹಿಂದೆ ನಿಂತು, "ಮಾವ, ನಿಜವಾದ ಹಾಡಲ್ಲಿ ಆ ಎಳೆತ ಇಲ್ಲ" ಎಂದೆ. ಆಮೇಲೆ ನಾನು ಮಾವನ ಧ್ವನಿಯ ಮಿಮಿಕ್ರಿ ಮಾಡುವುದನ್ನೇ ಬಿಟ್ಟದ್ದು ಆಗ ಅವರು ಕೊಟ್ಟ ಉತ್ತರದಿಂದ.

"ಗೊತ್ತುಂಟು ಮಾರಾಯ. ನೀನು ಮಿಮಿಕ್ರಿ ಮಾಡಿದ್ದು ನನ್ನೊಬ್ಬನದ್ದು. ನಾನು ಗಾಯಕನದ್ದೂ ಮಾಡಿದೆ, ಟೇಪ್‌ರೆಕಾರ್ಡರಿನದ್ದೂ ಮಾಡಿದೆ."