ಶುಕ್ರವಾರದ ಗುಳಿಗೆ

ಮಠದ ಅಂಗಾರದ ಬೂದಿ ಹಣೆಗೆ ಹಚ್ಚಿದ್ದರಿಂದಲೇ ನನ್ನಪ್ಪ ಉಳಿದ ಎಂದು ಅಕ್ಕಲಕೋಟದ ಅತ್ತೆ ಕಂಡವರಿಗೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉಳಿಸಿದ್ದು ಸೋಲಾಪುರದ ಡಾಕ್ಟರರ ಸೂಜಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಪವಾಡ ಎಂದವರಿಗೆ ಮೊದಲು ಸಾಕ್ಷಿ ಕೇಳುತ್ತೇನೆ. ಆದರೆ ಅತ್ತೆಯ ಕಥೆಯಲ್ಲಿಲ್ಲದ ಒಂದು ಸಂಗತಿ ಇದೆ. ಅದಕ್ಕೆ ನನ್ನ ಬಳಿಯೂ ಸಾಕ್ಷಿಯಿಲ್ಲ.

ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪನ ಚಾದರದ ಅಂಗಡಿ ಪೇಟೆಯಲ್ಲಿ, ಮನೆಯಿಂದ ದೂರ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಕೊಟ್ಟಿದ್ದರು, ಒಂದು ದಿನವೂ ತಪ್ಪಿಸಬಾರದು ಎಂದಿದ್ದರು. ಅವು ಇರುತ್ತಿದ್ದದ್ದು ಅಂಗಡಿಯಲ್ಲೇ. ನಾನು ಕೇಳಿದಾಗಲೆಲ್ಲ ಅಪ್ಪ, "ನಿನ್ನ ಕೂಡ ವಾದಾ ಮಾಡಾಕರ ಜೀವ ಬೇಕಲ್ಲ ಅವ್ವಿ, ತೊಗೋತೀನಿ ಬಿಡು" ಎಂದು ನಗುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ಒಬ್ಬಳೇ ರೊಟ್ಟಿ ಮುರಿಯುತ್ತ ಕೂತಿದ್ದೆ. ಬೆನ್ನ ಹಿಂದೆ ಅಪ್ಪನ ದನಿ, ದಿನದ ಹಾಗೆಯೇ: "ಅವ್ವಿ, ನಿನ್ನಿದೂ ಇವತ್ತಿಂದೂ ಕೂಡೇ ನುಂಗೀನಿ."

ತಿರುಗಿದರೆ ಯಾರೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿದ್ದರೂ ರಿಕ್ಷಾ ಹಿಡಿದೆ.

ಅಂಗಡಿಯಲ್ಲಿ ಅಪ್ಪ ಗಾದಿಯ ಮೇಲೆ ಲೋಡುದಿಂಬನ್ನು ತಬ್ಬಿ ಮುಂದಕ್ಕೆ ಬಾಗಿ ಕೂತಿದ್ದರು. ಮಾತಾಡುವಷ್ಟು ಉಸಿರಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಗುಳಿಗೆಯ ಬಗ್ಗೆ ವಿಚಾರಿಸಿದಾಗ, ಡಬಲ್ ತೊಗೊಂಡಾರ್ರಿ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವನ್ನೇ ಅದುಮುತ್ತಿತ್ತು. ಸೂಜಿ ಚುಚ್ಚಿ ತೆಗೆದರು. ಇನ್ನು ಗುಳಿಗೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು, ಮುಂದುವರಿಸಿದರೆ ಮತ್ತೆ ರಕ್ತ ಸೋರಬಹುದು ಎಂದರು. ಆ ಸಂಜೆ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಹೌದು ಅನ್ನುವವರೂ ಇರಲಿಲ್ಲ, ಅಲ್ಲ ಅನ್ನುವವರೂ ಇರಲಿಲ್ಲ.

ಅಪ್ಪ ಚೇತರಿಸಿಕೊಂಡ ಮೇಲೆ ಗೊತ್ತಾಯಿತು. ಅಕ್ಕಲಕೋಟದ ಮಠಕ್ಕೆ ಹೋಗುವ ಗುರುವಾರದ ಉಪವಾಸದಲ್ಲಿ ಅವರು ಗುಳಿಗೆಯನ್ನೂ ಮುಟ್ಟುತ್ತಿರಲಿಲ್ಲ. ಬಿಟ್ಟದ್ದನ್ನು ಶುಕ್ರವಾರ ಸೇರಿಸಿ ನುಂಗುತ್ತಿದ್ದರು. ಅದರಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಈ ಸಂಗತಿಯನ್ನು ಅಪ್ಪ ಯಾರಿಗೂ ಹೇಳಿರಲಿಲ್ಲ, ಅತ್ತೆಗೂ.

ಎಲ್ಲೋ ನಾನೇ ಊಹಿಸಿರಬೇಕು, ಅದಕ್ಕೆ ಮನಸ್ಸು ದನಿ ಕೊಟ್ಟಿರಬೇಕು ಎಂದು ಎಷ್ಟೋ ಸಲ ವಾದ ಹೂಡಿದ್ದೇನೆ. ನನಗೇ ಒಪ್ಪಿಗೆಯಾಗಿಲ್ಲ. ಅಪ್ಪನೂ ಈಗ ವಾದಕ್ಕೆ ಬರುವುದಿಲ್ಲ. ಏನು ಹೇಳಿದರೂ ಹ್ಞೂಂ ಎನ್ನುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಅವರ ತುತ್ತು ಕೈಯಲ್ಲೇ ನಿಂತಿತು.

"ಅಪ್ಪಾ, ಅವತ್ತ ಉಸರು ಸಿಗದಾಗ ನೀ ಯಾರನ್ನ ಕರದಿ?"