ನಮ್ಮವರು ಕಂಪ್ಯೂಟರ್ ಆರಿಸಿದ್ದು

ನಮ್ಮ ಮನೆಯಲ್ಲಿ ಏನನ್ನಾದರೂ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಟೊಮ್ಯಾಟೊದ ದೆಸೆಯಿಂದ. ಮದುವೆಯಾದ ಹೊಸದರಲ್ಲಿ, ಸಾರಿಗೆ ಹಣ್ಣು ತನ್ನಿ ಎಂದು ನಮ್ಮವರನ್ನು ಬಂಗಾರಪೇಟೆಯ ಸಂತೆಗೆ ಕಳಿಸಿದ್ದೆ. ಬಂದು ಚೀಲ ಬಗ್ಗಿಸಿದರೆ ಮುಕ್ಕಾಲು ಪಾಲು ಕಾಯಿ. ಕೋಲಾರದ ಸೀಮೆಯಲ್ಲಿ ಹುಟ್ಟಿ, ಟೊಮ್ಯಾಟೊ ತೋಟದ ಬದುವಿನ ಮೇಲೆ ಆಡಿ ಬೆಳೆದ ಮನುಷ್ಯ ಹೀಗೆ ಮಾಡಿದರೆ ಹೆಂಡತಿಯಾದವಳು ಏನೆಂದು ತಿಳಿಯಬೇಕು? ಮೈಮೇಲೆ ಗಮನವಿಲ್ಲ ಎಂದು ತಿಳಿದೆ. ಇನ್ನೊಮ್ಮೆ ಗೌರಿ ಹಬ್ಬಕ್ಕೆ ದಾಳಿಂಬೆ ಬಣ್ಣದ ಸೀರೆ ಹೇಳಿ ಕಳಿಸಿದೆ. ಬಂದದ್ದು ಹುಣಸೆ ಎಲೆಯ ಬಣ್ಣದ್ದು. ಅಲ್ಲಿಗೆ ಮುಗಿಯಿತು. ಬೆಂಡೆಕಾಯಿಯಿಂದ ಹಿಡಿದು ಬಾಗಿಲಿನ ಬಣ್ಣದವರೆಗೆ ಆರಿಸುವುದು ನಾನು, ಚೀಲ ಹಿಡಿಯುವುದು ಅವರು ಎಂದು ಒಪ್ಪಂದವಾಯಿತು.

ಅಂಥವರು ರೈಲ್ವೆ ಟಿಕೆಟ್ ಕೌಂಟರಿನ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ದಿನ ಮುದ್ದೆ ಮುರಿಯುತ್ತಾ, "ಸರೋಜಾ, ನಾನೊಂದು ಕಂಪ್ಯೂಟರ್ ಕಟ್ಟುಸ್ಬೇಕು ಅಂತಿದೀನಿ" ಎಂದರು.

ಮನೆ ಕಟ್ಟಿಸುವುದು ಗೊತ್ತು, ಕೊಟ್ಟಿಗೆ ಕಟ್ಟಿಸುವುದು ಗೊತ್ತು. ಕಂಪ್ಯೂಟರನ್ನೂ ಕಟ್ಟಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುವುದಿಲ್ಲವೇ ಎಂದೆ. ಸಿಗುತ್ತದಂತೆ, ಆದರೆ ಅದು ಪತ್ರ ಬರೆಯುವವರಿಗೆ. ಆಟ ಆಡುವವರು ಒಂದೊಂದು ಭಾಗವನ್ನೂ ತಾವೇ ಆರಿಸಿ ಜೋಡಿಸಬೇಕಂತೆ. ಪಕ್ಕದಲ್ಲಿ ಕೂತಿದ್ದ ನಮ್ಮತ್ತೆಗೆ ಕಿವಿ ಮಂದ. ಆದರೆ ಬೇಕಾದ ಮಾತು ಹೇಗೋ ಕೇಳಿಸುತ್ತದೆ.

"ಏನ್ಲಾ ನಾರಾಯಣ, ಈ ವಯಸ್ಸಲ್ಲಿ ಆಟ ಆಡ್ತೀಯಾ? ಆ ದುಡ್ಗೆ ಇನ್ನೊಂದು ಸೀಮೆ ಅಸು ಬತ್ತದೆ ಕಣ್ಲಾ."

"ಅಸು ನೀನ್ ನೋಡ್ಕೋ ಅಮ್ಮ, ಕಂಪ್ಯೂಟರ್ ನಾನ್ ನೋಡ್ಕೊಂತೀನಿ" ಎಂದು ನಮ್ಮವರು ಎದ್ದು ಕೈ ತೊಳೆಯಲು ಹೋದರು. ಅತ್ತೆಯ ಮಾತಿಗೆ ಅವರು ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇದು ಹುಡುಗಾಟವಲ್ಲ ಎಂದು ಆಗಲೇ ಅನ್ನಿಸಿತು.

ಅಂದಿನಿಂದ ನಮ್ಮ ಮನೆಯ ಮಾತೇ ಬದಲಾಯಿತು. ಕೈಯಲ್ಲಿ ಫೋನು, ಫೋನಿನಲ್ಲಿ ವಿಡಿಯೊ, ವಿಡಿಯೊದಲ್ಲಿ ಯಾವನೋ ಗಡ್ಡದವನು ಒಂದು ಪೆಟ್ಟಿಗೆ ಬಿಚ್ಚಿ ಮಗು ಹುಟ್ಟಿದಷ್ಟು ಸಂಭ್ರಮಪಡುತ್ತಿರುತ್ತಾನೆ. ಪ್ರೊಸೆಸರ್ ಎಂದರೆ ತಲೆಯಂತೆ, ಗ್ರಾಫಿಕ್ಸ್ ಕಾರ್ಡ್ ಎಂದರೆ ಕಣ್ಣಂತೆ, ಎರಡನ್ನೂ ಕೂರಿಸುವ ಹಲಗೆ ಮದರ್‌ಬೋರ್ಡಂತೆ. ತಲೆ ನಿಧಾನ, ಕಣ್ಣು ಚುರುಕಾದರೆ ಕೆಲಸ ಕೆಡುತ್ತದಂತೆ. "ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದಿಲ್ಲವೇ, ಅಷ್ಟೇ ತಾನೆ?" ಎಂದು ಕೇಳಿದೆ. ನಮ್ಮವರು ಸಂತೋಷಪಟ್ಟು, ಹೆಂಡತಿಗೆ ತಾಂತ್ರಿಕ ಜ್ಞಾನ ಬಂತೆಂದು ತಿಳಿದು, ಊಟವಾಗುವವರೆಗೆ ಪವರ್ ಸಪ್ಲೈ ವಿಚಾರ ಹೇಳಿದರು. ಗಾದೆ ಹೇಳುವವರು ಇದಕ್ಕೂ ತಯಾರಾಗಿರಬೇಕು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ಯಂತ್ರ ಅರ್ಥವಾಗದಿದ್ದಾಗ ಪದ ಹಿಡಿದುಕೊಂಡು ಕೂರುವ ಚಟ ಇನ್ನೂ ಹೋಗಿಲ್ಲ. 'ಆರಿಸು' ಎಂಬ ಮಾತನ್ನೇ ನೋಡಿ. ಅಕ್ಕಿ ಆರಿಸುತ್ತೇವೆ, ಬಿಸಿ ಹಾಲು ಆರಿಸುತ್ತೇವೆ, ದೀಪ ಆರಿಸುತ್ತೇವೆ, ಪಂಚಾಯ್ತಿ ಮೆಂಬರನ್ನೂ ಆರಿಸುತ್ತೇವೆ. ಆಯುವುದು, ತಣಿಸುವುದು, ನಂದಿಸುವುದು ಮೂರಕ್ಕೂ ಒಂದೇ ಮಾತು. ಈ ಕಂಪ್ಯೂಟರಿಗೆ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಮೊದಲು ಭಾಗ ಆರಿಸಬೇಕು, ಆಮೇಲೆ ಅದರ ಕಾವು ಆರಿಸಬೇಕು, ಕೊನೆಗೆ ನಮ್ಮೂರಿನ ಕರೆಂಟು ಕೈಕೊಟ್ಟು ಎಲ್ಲವನ್ನೂ ಆರಿಸಿ ಹೋಗುತ್ತದೆ. ಕಾವಿನ ವಿಷಯ ಬಂದಾಗ ನಮ್ಮವರು ನೀರಿನಿಂದ ತಣಿಸುವ ಕೂಲರ್ ಬೇಕೆಂದರು. ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡು, "ನೀರೂ ಕುಡೀತದಾ? ಅಂಗಾದ್ರೆ ಸಗಣೀನೂ ಆಕ್ತದೆ, ನೋಡ್ಕೋ" ಎಂದರು.

ಇಷ್ಟೆಲ್ಲ ಆದರೂ ಯಾವ ಆಟ ಎಂದು ಮಾತ್ರ ಅವರು ಬಾಯಿ ಬಿಡಲಿಲ್ಲ. ಕೇಳಿದರೆ "ಅದೇ, ಒಂದು ಆಟ" ಎನ್ನುವರು. ಗುಂಡು ಹಾರಿಸುವ ಆಟವಿರಬಹುದೆಂದು ನನಗೆ ಸ್ವಲ್ಪ ಭಯವಿತ್ತು. ಇಷ್ಟು ವರ್ಷ ಕಿಟಕಿಯ ಆಚೆಯಿಂದ ಚಿಲ್ಲರೆಗಾಗಿ ಜನ ಕೂಗಾಡಿದ್ದನ್ನೆಲ್ಲ ನುಂಗಿಕೊಂಡವರು. ಯಾರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾರೋ!

ಆಂಡರ್ಸನ್‌ಪೇಟೆಯಲ್ಲಿ ಸೆಲ್ವಿ ಎಂಬ ಹುಡುಗಿ ತಾನೇ ಅಂಗಡಿ ಇಟ್ಟುಕೊಂಡು ಕಂಪ್ಯೂಟರ್ ಜೋಡಿಸಿಕೊಡುತ್ತಾಳೆಂದು ತಿಳಿಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲುಗಾಡಿ ಹತ್ತಿ, ಊರಿಗಾಂನಲ್ಲಿಳಿದು, ಆಟೊ ಹಿಡಿದು ಇಬ್ಬರೂ ಹೋದೆವು. ಚಿಕ್ಕ ಅಂಗಡಿ. ಗೋಡೆಯ ತುಂಬ ಪೆಟ್ಟಿಗೆಗಳು. ಸೆಲ್ವಿ ಮೊದಲು ಕೇಳಿದ ಪ್ರಶ್ನೆಯೇ ನಾನು ಮನೆಯಲ್ಲಿ ಕೇಳಿ ಸೋತ ಪ್ರಶ್ನೆ.

"ಯಾವ ಗೇಮು ಸಾರ್? ಫೈಟಿಂಗಾ, ಕಾರ್ ರೇಸಾ? ಅದನ್ನ ನೋಡಿ ಕಾರ್ಡ್ ಹಾಕ್ಬೇಕು."

ನಮ್ಮವರು ನನ್ನ ಕಡೆ ನೋಡಿದರು. ಗೋಡೆಯ ಕಡೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ರೈಲು ಓಡಿಸೋದು" ಎಂದರು.

ನನಗೆ ನಗು ಬಂತು. ಸೆಲ್ವಿ ನಗಲಿಲ್ಲ. "ಸೂಪರ್ ಸಾರ್! ಟ್ರೇನ್ ಗೇಮ್‌ಗೆ ದೊಡ್ಡ ಕಾರ್ಡೇ ಬೇಕು. ಮರ, ಬೆಟ್ಟ, ಮಳೆ ಎಲ್ಲಾ ಅದೇ ಬರೀಬೇಕಲ್ಲಾ" ಎಂದು ಪೆಟ್ಟಿಗೆಗಳನ್ನು ಇಳಿಸತೊಡಗಿದಳು. ನಮ್ಮವರು ಅರಳಿದರು. ಒಂದೊಂದನ್ನೂ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಪಕ್ಕಕ್ಕಿಟ್ಟು, ಮತ್ತೆ ಎತ್ತಿದರು. ನಾನು ಸೀರೆ ಅಂಗಡಿಯಲ್ಲಿ ಇದರ ಅರ್ಧ ಹೊತ್ತು ತೆಗೆದುಕೊಂಡರೂ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುವ ಮನುಷ್ಯ ಇವರೇ. ನಾನೂ ಬಾಗಿಲಲ್ಲಿ ನಿಂತು ಒಂದೆರಡು ನಿಟ್ಟುಸಿರು ಬಿಟ್ಟೆ, ಸಾಲ ತೀರಲಿ ಎಂದು.

ಕೊನೆಗೆ ಉಳಿದದ್ದು ಗಾಜಿನ ಪೆಟ್ಟಿಗೆಯೊಳಗೆ ತಿರುಗುವ ಫ್ಯಾನುಗಳು. ಅವಕ್ಕೆ ಬಣ್ಣಬಣ್ಣದ ದೀಪವಿರುತ್ತದೆ. ಸೆಲ್ವಿ ಎರಡು ಫ್ಯಾನುಗಳನ್ನು ಮೇಜಿನ ಮೇಲೆ ತಿರುಗಿಸಿ, "ರೆಡ್ ಇರ್ಲಾ ಸಾರ್, ಗ್ರೀನ್ ಇರ್ಲಾ?" ಎಂದಳು.

ನಮ್ಮವರು ತುಂಬ ಹೊತ್ತು ನೋಡಿದರು. ಒಂದರ ಮೇಲೆ ಬೆರಳಿಟ್ಟು, "ಈ ಕೆಂಪೇ ಇರ್ಲಿ" ಎಂದರು.

"ರೀ, ಅದು ಹಸಿರು" ಎಂದೆ ನಗುತ್ತಾ.

"ಓ, ಅಂಗಾ" ಎಂದರು. "ನೀನೇ ಆರಿಸು" ಎಂದು ಹೇಳಿ ಹೊರಗೆ ಹೋಗಿ, ರಸ್ತೆಯ ಆಟೊಗಳನ್ನು ನೋಡುತ್ತಾ ನಿಂತುಬಿಟ್ಟರು. ನಾನು ಏನೋ ಒಂದು ಹೇಳಿ ಹೊರಟೆ.

ಊರಿಗಾಂ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಗಾಡಿ ಕಾಯುತ್ತಾ ಕೂತಿದ್ದಾಗ ಅವರೇ ಮಾತೆತ್ತಿದರು.

"ಸರೋಜಾ, ಆ ಎರಡೂ ಫ್ಯಾನು ನಂಗೆ ಒಂದೇ ತರ ಕಾಣುಸ್ತು."

"ಕನ್ನಡಕ ಬದಲಾಯಿಸಬೇಕು."

"ಕನ್ನಡಕ ಅಲ್ಲ. ಮೊದ್ಲಿಂದ್ಲೂ ಅಂಗೇ."

ಆಮೇಲೆ ಹೇಳಿದರು. ಹುಡುಗನಾಗಿದ್ದಾಗಿನಿಂದ ಅವರಿಗೆ ಎಂಜಿನ್ ಡ್ರೈವರ್ ಆಗುವ ಆಸೆ. ಬರೆಯುವ ಪರೀಕ್ಷೆ ಪಾಸಾಯಿತು. ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು ಯಾವ ಅಂಕಿ ಎಂದು ಕೇಳಿದರಂತೆ. "ಎಲ್ರೂ ಅಂಕಿ ಓದಿ ಒಂಟೋದ್ರು. ನಂಗೆ ರಾಗಿ ಅರಡಿದಂಗೆ ಕಾಣ್ತಿತ್ತು" ಎಂದರು. ಕೆಂಪು ಹಸಿರು ತಿಳಿಯದವನ ಕೈಗೆ ರೈಲು ಕೊಡುವುದು ಹೇಗೆ? ಅದು ಸರಿಯೇ ಎಂದು ಅವರೇ ಹೇಳಿದರು. ಆಮೇಲೆ ಟಿಕೆಟ್ ಕೌಂಟರಿನ ಕೆಲಸ ಸಿಕ್ಕಿತು. ಊರೆಲ್ಲ ರೈಲು ಹತ್ತಿ ಹೋಗಲು ಚೀಟಿ ಕೊಟ್ಟುಕೊಂಡು ಇವರು ಕಿಟಕಿಯ ಒಳಗೇ ಉಳಿದರು.

"ನನಗೆ ಯಾಕೆ ಹೇಳಲಿಲ್ಲ?"

"ಏಳಾಣ ಅಂದ್ಕೊಂಡೆ. ಅಷ್ಟೊತ್ಗೆ ಟೊಮ್ಯಾಟೊ ವಿಚಾರ್ವಾಗಿ ನೀನು ಬೈತಾ ಇದ್ದೆ. ಕಣ್ಣು ಸರಿಯಿಲ್ದೋನು ಅನ್ನುಸ್ಕೊಳ್ಳೋದ್ಕಿಂತ ಗಮನ ಇಲ್ದೋನು ಅನ್ನುಸ್ಕೊಳ್ಳೋದೇ ವಾಸಿ ಅನ್ನುಸ್ತು."

ನಮ್ಮ ಮನೆಯ ಹಳೆಯ ತಮಾಷೆಗಳಲ್ಲಿ ಅರ್ಧಕ್ಕರ್ಧ ಆ ಬೆಂಚಿನ ಮೇಲೆ ಕೆಲಸ ಕಳೆದುಕೊಂಡವು. "ಹಾಗಾದರೆ ನನ್ನ ಹಣೆ ಮೇಲಿನ ಕುಂಕುಮ?" ಎಂದೆ.

ಅವರು ತಿರುಗಿ ಗಮನವಿಟ್ಟು ನೋಡಿದರು. "ಕಪ್ಪಗೆ ಕಾಣ್ತದೆ" ಎಂದರು. ಮತ್ತೊಮ್ಮೆ ನೋಡಿ, "ಚೆನ್ನಾಗೇ ಕಾಣ್ತದೆ" ಎಂದರು. ಗಾಡಿ ಬಂತು, ಹತ್ತಿದೆವು.

ಮುಂದಿನ ವಾರ ಸೆಲ್ವಿ ಎಲ್ಲವನ್ನೂ ತಂದು ನಮ್ಮ ನಡುಮನೆಯಲ್ಲಿ ಹರಡಿಕೊಂಡು ಜೋಡಿಸಿದಳು. ನಮ್ಮವರು ಸ್ಕ್ರೂ ಎತ್ತಿಕೊಡುತ್ತಾ, ಹೆರಿಗೆ ಕೋಣೆಯ ಹೊರಗಿರುವ ಗಂಡಸಿನಂತೆ ಒದ್ದಾಡಿದರು. ಗುಂಡಿ ಒತ್ತಿದಾಗ ಪೆಟ್ಟಿಗೆಯೊಳಗೆ ದೀಪ ಹತ್ತಿತು. ಅತ್ತೆ ದೇವರ ಮನೆಯಿಂದ ಅರಿಶಿನ ಕುಂಕುಮ ತಂದು ಅದರ ನೆತ್ತಿಗಿಟ್ಟರು. ಸಗಣಿಯ ಮಾತು ಮತ್ತೆ ಎತ್ತಲಿಲ್ಲ.

ಆಟದಲ್ಲಿ ಮಾರಿಕುಪ್ಪಂ ದಾರಿ ಇರಲಿಲ್ಲ. ಯಾವುದೋ ಹೊರದೇಶದ ಹಿಮದ ಬೆಟ್ಟ, ಕಣಿವೆ, ಸೇತುವೆ. ಹಿಮ ಕಿಟಕಿಗೆ ಬಡಿದು ಕರಗುವುದು ಕೂಡ ಕಾಣುತ್ತದೆ. ಅಷ್ಟು ದೊಡ್ಡ ಕಾರ್ಡು ಯಾಕೆ ಬೇಕಿತ್ತೆಂದು ಆಗ ಒಪ್ಪಿಕೊಂಡೆ. ನಮ್ಮವರು ಬೆನ್ನು ನೆಟ್ಟಗೆ ಮಾಡಿ ಕೂತು ಗಾಡಿ ಹೊರಡಿಸಿದರು. ಮುಖ ನೋಡಿದರೆ ಇಪ್ಪತ್ತರ ಹುಡುಗ. ಬೆಟ್ಟದ ಸುರಂಗ ದಾಟಿತು, ಒಂದು ಸ್ಟೇಷನ್ ಬಂತು. ಇದ್ದಕ್ಕಿದ್ದಂತೆ ಪರದೆ ಕಪ್ಪಾಗಿ, ಕೆಂಪು ಸಿಗ್ನಲ್ ದಾಟಿದ್ದೀರಿ, ಆಟ ಮುಗಿಯಿತು ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು.

ಇನ್ನೊಮ್ಮೆ ಹೊರಡಿಸಿದರು. ಇನ್ನೊಮ್ಮೆ ಅದೇ ಆಯಿತು. ಕೈ ತೊಡೆಯ ಮೇಲಿಟ್ಟುಕೊಂಡು, "ಇಲ್ಲೂ ಪೇಲು" ಎಂದರು, ಯಾರಿಗೋ ಹೇಳುವಂತೆ.

ನಾನು ಅಡುಗೆಮನೆಯ ಸ್ಟೂಲು ಎಳೆದು ತಂದು ಪಕ್ಕದಲ್ಲಿ ಕೂತೆ. "ಎಂಜಿನ್ನಿನಲ್ಲಿ ಡ್ರೈವರ್ ಒಬ್ಬರೇ ಇರುತ್ತಾರೇನ್ರಿ?"

"ಇಲ್ಲ, ಅಸಿಸ್ಟೆಂಟೂ ಇರ್ತಾನೆ. ಸಿಗ್ನಲ್ ಕಂಡ್ರೆ ಒಬ್ಬ ಕೂಗ್ಬೇಕು, ಇನ್ನೊಬ್ಬ ಅದ್ನೇ ತಿರುಗಿ ಏಳ್ಬೇಕು."

"ಸರಿ, ಹೊರಡಿಸಿ."

ಗಾಡಿ ಹೊರಟಿತು. ದೂರದಲ್ಲಿ ಒಂದು ಚುಕ್ಕಿ ಕಂಡಿತು. ಹಿಂದಿನ ಬೆಂಚಿಗೂ ಕೇಳುವಂತೆ ಪಾಠ ಹೇಳಿದ ಗಂಟಲು ನನ್ನದು. "ಹಸಿರು!" ಎಂದು ಕೂಗಿದೆ. "ಅಸಿರು!" ಎಂದರು ನಮ್ಮವರು. ಅತ್ತೆ ಕೊಟ್ಟಿಗೆಯಿಂದ ಓಡಿ ಬಂದರು. ಅಂದು ನಾವು ಆ ಹಿಮದ ಬೆಟ್ಟ ದಾಟಿ, ಹೆಸರು ಉಚ್ಚರಿಸಲು ಬಾರದ ಒಂದು ಊರು ತಲುಪಿದೆವು. ಪ್ಲಾಟ್‌ಫಾರಂ ಮೇಲೆ ನಿಂತಿದ್ದ ಬೊಂಬೆಗಳಂಥ ಜನ ಗಾಡಿ ಹತ್ತಿದರು. ನಮ್ಮವರು ಅವರನ್ನು ನೋಡುತ್ತಾ, "ಟಿಕೆಟ್ ತಕೊಂಡವ್ರೋ ಇಲ್ವೋ" ಎಂದರು. ಕೆಲಸದ ಚಾಳಿ.

ಇದಾದ ಎಷ್ಟೋ ದಿನಕ್ಕೆ ಸೆಲ್ವಿ ಸದ್ದು ಮಾಡುತ್ತಿದ್ದ ಒಂದು ಫ್ಯಾನು ನೋಡಲು ಬಂದಳು. ನಾವಿಬ್ಬರೂ ಕೂಗಾಡುತ್ತಿದ್ದದ್ದನ್ನು ಬಾಗಿಲಲ್ಲಿ ನಿಂತು ಕೇಳಿ, ವಿಷಯ ತಿಳಿದು, "ಅಯ್ಯೋ ಅಮ್ಮಾ, ಮೊದ್ಲೇ ಹೇಳೋದಲ್ವಾ? ಇದಕ್ಕೇ ಸೆಟ್ಟಿಂಗ್ ಇದೆ. ಕೆಂಪಿಗೆ ಬೇರೆ ಬಣ್ಣ, ಬೇರೆ ಗುರುತು ಬರೋ ಹಾಗೆ ಮಾಡ್ಬಹುದು. ಸಾರ್ ಒಬ್ರೇ ಓಡಿಸ್ಬಹುದು" ಎಂದು ಮೌಸ್ ಹಿಡಿದಳು.

ನಮ್ಮವರು ನನ್ನನ್ನು ನೋಡಿದರು. ನಾನು ಸ್ಟೂಲಿನಿಂದ ಏಳಲೋ ಬೇಡವೋ ಎಂದು ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ.

"ಇರ್ಲಿ ಬಿಡಮ್ಮ. ನಾಳೆ ನೋಡಾಣ" ಎಂದರು.

ಆ ನಾಳೆ ಇನ್ನೂ ಬಂದಿಲ್ಲ. ಡ್ರೈವರ್ ಕೆಲಸದಲ್ಲಿ ಅಧಿಕಾರವೆಲ್ಲ ಡ್ರೈವರ್‌ದೇ ಎಂದು ಜನ ತಿಳಿದಿರುತ್ತಾರೆ. ಪಕ್ಕದಲ್ಲಿ ಕೂತು ಕೂಗುವವರಿಗೆ ಎಷ್ಟು ಅಧಿಕಾರವಿದೆ ಎಂದು ಕೂಗಿದವರಿಗೇ ಗೊತ್ತು. ನಿನ್ನೆ ಸಂಜೆ ದೂರದ ಚುಕ್ಕಿ ಹಸಿರಾಗಿಯೇ ಇತ್ತು. "ಕೆಂಪು!" ಎಂದೆ. "ಕೆಂಪು!" ಎಂದು ನಮ್ಮವರು ಒಪ್ಪಿ, ಬ್ರೇಕು ಹಾಕಿ, ಇಡೀ ಗಾಡಿಯನ್ನು ಹಿಮದ ನಡುವೆ ನಿಲ್ಲಿಸಿ, "ಎಷ್ಟೊತ್ತಾಗ್ತದೋ ಏನೋ, ಅಷ್ಟ್ರಲ್ಲಿ ಬತ್ತೀನಿ" ಎಂದು ಎದ್ದು ಕೊಟ್ಟಿಗೆಗೆ ಹೋದರು. ಹಾಲು ಕರೆಯುವ ಹೊತ್ತಾಗಿತ್ತು.